ಬಿಲ್ಲಿನ ಮೂಲೆಯ ಲೋಗೊಗೆ ಎಷ್ಟು ಪಿಕ್ಸೆಲ್ ಸಾಕು?

ಒಂದೇ ಪುಟದ ಕೊಟೇಶನ್. ಆರು ಸಾಲಿನ ದರಪಟ್ಟಿ, ಅದರ ಕೆಳಗೆ ಷರತ್ತುಗಳು, ಸಹಿಗೆ ಜಾಗ, ಎಡ ಮೂಲೆಯಲ್ಲಿ ಎರಡು ಬೆರಳಗಲದ ಲೋಗೊ. ಫೈಲಿನ ಗಾತ್ರ ನೋಡಿದರೆ 8 ಎಂಬಿ. ಇಂಥ ಮೂರು ಫೈಲ್‌ಗಳನ್ನು ಒಂದೇ ಇಮೇಲಿಗೆ ಲಗತ್ತಿಸಿದರೆ ಜಿಮೇಲ್ ಒಪ್ಪದಿರಬಹುದು. ಅದರ ಮಿತಿ 25 ಎಂಬಿ, ಲಗತ್ತುಗಳೋ ಕಳಿಸುವ ಹೊತ್ತಿಗೆ ಮೂರನೇ ಒಂದು ಭಾಗದಷ್ಟು ಉಬ್ಬುತ್ತವೆ. ಅದೇ ಪುಟವನ್ನು ಕಚೇರಿಯ ಹಳೆಯ ಪ್ರಿಂಟರಿಗೆ ಕೊಟ್ಟರೆ ಹಸಿರು ದೀಪ ಮಿನುಗುತ್ತಲೇ ಇರುತ್ತದೆ, ಕಾಗದ ಹೊರಗೆ ಬರುವುದಿಲ್ಲ. ಕೌಂಟರಿನ ಎದುರು ನಿಂತ ಗ್ರಾಹಕರಿಗೆ ಕಾಯುವ ಕೆಲಸ.

ಅಕ್ಷರಗಳಿಗೂ ಅಂಕಿಗಳಿಗೂ ಬೇಕಾಗಿರುವುದು ಹತ್ತಾರು ಕೆಬಿ ಅಷ್ಟೆ. ಉಳಿದ ಭಾರವೆಲ್ಲ ಆ ಲೋಗೊದ್ದು.

ಡಿಸೈನರ್ ಕೊಡುವ ಲೋಗೊ ಸಾಮಾನ್ಯವಾಗಿ ದೊಡ್ಡದಾಗಿಯೇ ಇರುತ್ತದೆ. ಇರಬೇಕಾದದ್ದೂ ಹಾಗೆಯೇ, ಅಂಗಡಿಯ ಬೋರ್ಡಿಗೂ ಫ್ಲೆಕ್ಸಿಗೂ ಅದೇ ಬೇಕಾಗುತ್ತದೆ. 4000 ಪಿಕ್ಸೆಲ್ ಅಗಲ, 2500 ಪಿಕ್ಸೆಲ್ ಎತ್ತರದ ಚಿತ್ರವೊಂದನ್ನು ತೆಗೆದುಕೊಳ್ಳೋಣ. ಗುಣಿಸಿದರೆ ಒಂದು ಕೋಟಿ ಪಿಕ್ಸೆಲ್. ಪ್ರತಿ ಪಿಕ್ಸೆಲಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಪೂರ್ತಿ ಬಿಚ್ಚಿದರೆ ಮೂರು ಕೋಟಿ ಬೈಟ್, ಅಂದರೆ ಹೆಚ್ಚುಕಡಿಮೆ 30 ಎಂಬಿ. ಡಿಸ್ಕಿನಲ್ಲಿ ಅದು ಜೆಪೆಗ್ ರೂಪದಲ್ಲಿ ಅರ್ಧ ಎಂಬಿಯಷ್ಟೇ ಕಾಣಬಹುದು. ಆದರೆ ಮುದ್ರಿಸುವ ಮೊದಲು ಕಂಪ್ಯೂಟರೋ ಪ್ರಿಂಟರೋ ಅದನ್ನು ಬಿಚ್ಚಲೇಬೇಕು. ‘ಫೈಲ್ ಚಿಕ್ಕದೇ ಇದೆ, ಪ್ರಿಂಟ್ ಮಾತ್ರ ನಿಧಾನ’ ಎಂಬ ದೂರಿನ ಮೂಲ ಬಹಳ ಸಲ ಇಲ್ಲಿರುತ್ತದೆ.

ಈಗ ಆ ಒಂದು ಕೋಟಿ ಪಿಕ್ಸೆಲನ್ನು 40 ಮಿ.ಮೀ. ಅಗಲ, 25 ಮಿ.ಮೀ. ಎತ್ತರದ ಜಾಗದಲ್ಲಿ ಕೂರಿಸಿದರೆ ಇಂಚಿಗೆ 2540 ಪಿಕ್ಸೆಲ್ ಬೀಳುತ್ತದೆ. ಕಚೇರಿಗಳಲ್ಲಿ ಸಾಮಾನ್ಯವಾಗಿ ಇರುವ ಲೇಸರ್ ಪ್ರಿಂಟರ್ ಇಂಚಿಗೆ ಹಾಕುವುದು 600 ಚುಕ್ಕೆ. ಉಳಿದದ್ದನ್ನು ಅದು ಲೆಕ್ಕ ಹಾಕಿ ಬಿಸಾಡುತ್ತದೆ. ಪ್ರತಿ ಪುಟಕ್ಕೂ, ಪ್ರತಿ ಪ್ರತಿಗೂ ಹೀಗೆ ಬಿಸಾಡಲೆಂದೇ ಅಷ್ಟು ಮಾಹಿತಿ ಕೇಬಲ್ಲಿನಲ್ಲಿ ಹರಿಯುತ್ತದೆ.

ಮೊದಲು ಸ್ಕೇಲು, ಆಮೇಲೆ ಮೌಸು

ಲೋಗೊ ಕುಗ್ಗಿಸುವ ಕೆಲಸ ಶುರುವಾಗಬೇಕಾದದ್ದು ಕಾಗದದ ಮೇಲೆ. ಪ್ರಿಂಟ್ ಆದ ಬಿಲ್ಲಿನ ಮೇಲೆ ಸ್ಕೇಲ್ ಇಟ್ಟು ಲೋಗೊ ಎಷ್ಟು ಮಿಲಿಮೀಟರ್ ಅಗಲ ಇರಬೇಕೆಂದು ತೀರ್ಮಾನಿಸಿದರೆ ಅರ್ಧ ಕೆಲಸ ಮುಗಿದಂತೆ. ಎಷ್ಟು ಪಿಕ್ಸೆಲ್, ಎಷ್ಟು ಬಣ್ಣ, ಯಾವ ಫಾರ್ಮ್ಯಾಟ್ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಒಂದು ಅಳತೆಯಿಂದ ಹೊರಡುತ್ತದೆ. ಫೈಲಿನ ಗಾತ್ರವನ್ನೇ ದಿಟ್ಟಿಸುತ್ತ ‘200 ಕೆಬಿಗೆ ಇಳಿಸಬೇಕು’ ಎಂದು ಹೊರಟವರು ಒಂದೋ ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತಾರೆ, ಇಲ್ಲವೇ ಲೋಗೊವನ್ನೇ ಕೆಡಿಸುತ್ತಾರೆ.

ಒಂದು ಇಂಚಿಗೆ 25.4 ಮಿ.ಮೀ. ಈ ಭಾಗಾಕಾರವನ್ನು ದಿನವೂ ಮಾಡಬೇಕಿಲ್ಲ, ಮೂರು ಸಂಖ್ಯೆ ನೆನಪಿದ್ದರೆ ಸಾಕು. ಬಣ್ಣದ ಲೋಗೊವನ್ನು ಇಂಚಿಗೆ 300 ಪಿಕ್ಸೆಲಿನಂತೆ ಮುದ್ರಿಸಲು ಮಿಲಿಮೀಟರನ್ನು 12ರಿಂದ ಗುಣಿಸಬೇಕು. ಅಪ್ಪಟ ಕಪ್ಪು–ಬಿಳುಪಿನ ಲೋಗೊವನ್ನು 600ರ ಲೇಸರಿನಲ್ಲಿ ಮುದ್ರಿಸಲು 24ರಿಂದ. ಅಂಗಡಿ ಬಿಲ್ಲಿನ ಥರ್ಮಲ್ ಪ್ರಿಂಟರಿಗೆ 8ರಿಂದ. ಹೀಗಾಗಿ 40 ಮಿ.ಮೀ. ಅಗಲದ ಬಣ್ಣದ ಲೋಗೊಗೆ 480 ಪಿಕ್ಸೆಲ್, 25 ಮಿ.ಮೀ. ಎತ್ತರಕ್ಕೆ 300 ಪಿಕ್ಸೆಲ್. ಒಟ್ಟು 1,44,000 ಪಿಕ್ಸೆಲ್. ಡಿಸೈನರ್ ಕೊಟ್ಟದ್ದರ ಸುಮಾರು 70ನೇ ಒಂದು ಭಾಗ. ಕಾಗದದ ಮೇಲೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇದೇ ಲೆಕ್ಕ ತಿರುಗಿಸಿದರೆ ಇನ್ನೊಂದು ತಾಪತ್ರಯವೂ ಬಯಲಾಗುತ್ತದೆ. ಲೋಗೊ ಎಲ್ಲೂ ಸಿಗದೆ ಸಂಸ್ಥೆಯ ವೆಬ್‌ಸೈಟಿನಿಂದಲೇ ಇಳಿಸಿಕೊಂಡು ಲೆಟರ್‌ಹೆಡ್‌ಗೆ ಹಾಕುವ ರೂಢಿ ಹಲವು ಕಡೆ ಇದೆ. ಅದು 200 ಪಿಕ್ಸೆಲ್ ಅಗಲವಿದ್ದರೆ 17 ಮಿ.ಮೀ. ದಾಟಿ ಹಿಗ್ಗಿಸುವಂತಿಲ್ಲ. 40 ಮಿ.ಮೀ.ಗೆ ಎಳೆದರೆ ಅಂಚು ಮಸುಕಾಗುತ್ತದೆ. ಮತ್ತೆ ಯಾವ ತಂತ್ರಾಂಶ ಹಾಕಿದರೂ ಇಲ್ಲದ ಗೆರೆಗಳು ಹುಟ್ಟಿ ಬರುವುದಿಲ್ಲ.

ಮೂಲೆ ಹಿಡಿದು ಎಳೆದರೆ

ವರ್ಡಿನಲ್ಲೋ ಎಕ್ಸೆಲ್ಲಿನಲ್ಲೋ ಚಿತ್ರ ಸೇರಿಸಿ, ಮೂಲೆ ಹಿಡಿದು ಎಳೆದು ಚಿಕ್ಕದು ಮಾಡುವುದು ಎಲ್ಲರೂ ಬಲ್ಲ ಉಪಾಯ. ತೆರೆಯ ಮೇಲೆ ಲೋಗೊ ಚಿಕ್ಕದಾಗುತ್ತದೆ, ಅದರ ಪಿಕ್ಸೆಲ್‌ಗಳು ಮಾತ್ರ ಒಂದೂ ಕಡಿಮೆಯಾಗುವುದಿಲ್ಲ. ಕ್ರಾಪ್ ಮಾಡಿ ಸುತ್ತಲಿನ ಬಿಳಿಯನ್ನು ಕತ್ತರಿಸಿದರೂ ಕತ್ತರಿಸಿದ ಭಾಗ ಫೈಲಿನೊಳಗೆ ಅಡಗಿಯೇ ಇರುತ್ತದೆ. ಸೇವ್ ಮಾಡುವಾಗ ತಾನಾಗಿ ಕುಗ್ಗಿಸುವ ಸೌಲಭ್ಯ ವರ್ಡಿನಲ್ಲಿದೆ. ಅದು ಚಾಲೂ ಇದೆಯೋ ಇಲ್ಲವೋ ಎಂಬುದು ಸೆಟ್ಟಿಂಗಿಗೆ ಬಿಟ್ಟದ್ದು.

ಅನುಮಾನವಿದ್ದರೆ ಪರೀಕ್ಷಿಸುವುದು ಸುಲಭ. 2007ರ ಆಫೀಸ್‌ನಿಂದ ಈಚೆಗೆ ವರ್ಡ್, ಎಕ್ಸೆಲ್ ಫೈಲ್‌ಗಳು ನಿಜಕ್ಕೂ ಜಿಪ್ ಪೊಟ್ಟಣಗಳು. ಫೈಲಿನ ಒಂದು ನಕಲು ಮಾಡಿ, ಅದರ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆದರೆ ಒಳಗೆ ‘ಮೀಡಿಯಾ’ ಎಂಬ ಫೋಲ್ಡರ್ ಕಾಣುತ್ತದೆ. ಡಾಕ್ಯುಮೆಂಟಿನಲ್ಲಿರುವ ಪ್ರತಿ ಚಿತ್ರವೂ ತನ್ನ ನಿಜವಾದ ಗಾತ್ರದಲ್ಲಿ ಅಲ್ಲಿ ಕೂತಿರುತ್ತದೆ. ಅಳಿಸಿದೆವೆಂದು ತಿಳಿದ ಹಳೆಯ ಲೋಗೊ, ಎರಡನೇ ಪುಟದ ಹೆಡರಿನಲ್ಲಿ ಮರೆತುಹೋದ ಇನ್ನೊಂದು ಲೋಗೊ, ಎಲ್ಲವೂ ಅಲ್ಲಿ ಸಿಕ್ಕಿಬೀಳುತ್ತವೆ.

ವರ್ಡಿನೊಳಗೇ ಕುಗ್ಗಿಸಬೇಕಿದ್ದರೆ ಚಿತ್ರವನ್ನು ಆಯ್ದು ‘ಪಿಕ್ಚರ್ ಫಾರ್ಮ್ಯಾಟ್’ ಪಟ್ಟಿಯಲ್ಲಿ ‘ಕಂಪ್ರೆಸ್ ಪಿಕ್ಚರ್ಸ್’ ಒತ್ತಬೇಕು. ಇಂಚಿಗೆ 330, 220, 150, 96 ಎಂಬ ಆಯ್ಕೆಗಳು ಬರುತ್ತವೆ. ಮುದ್ರಣಕ್ಕೆ 220ಕ್ಕಿಂತ ಕೆಳಗೆ ಇಳಿಯಬಾರದು. 96 ಇರುವುದು ಇಮೇಲಿನಲ್ಲಿ ನೋಡಿ ಬಿಡುವ ಫೈಲ್‌ಗಳಿಗೆ. ಕತ್ತರಿಸಿದ ಭಾಗಗಳನ್ನು ಅಳಿಸುವ ಗುರುತು ಹಾಕಿಕೊಳ್ಳಬೇಕು. ‘ಈ ಚಿತ್ರಕ್ಕೆ ಮಾತ್ರ’ ಎಂಬ ಇನ್ನೊಂದು ಗುರುತಿನ ಮೇಲಂತೂ ಹೆಚ್ಚು ನಿಗಾ ಇರಲಿ. ಅದನ್ನು ತೆಗೆದರೆ ಡಾಕ್ಯುಮೆಂಟಿನಲ್ಲಿರುವ ಎಲ್ಲ ಚಿತ್ರಗಳೂ ಕುಗ್ಗುತ್ತವೆ, ಅವುಗಳಲ್ಲಿ ಕ್ಯೂಆರ್ ಕೋಡ್ ಕೂಡ ಇರಬಹುದು. ಲಿಬ್ರೆ ಆಫೀಸ್ ಬಳಸುವವರಿಗೆ ಚಿತ್ರದ ಮೇಲೆ ಬಲಕ್ಲಿಕ್ ಮಾಡಿದರೆ ಇಂಥದ್ದೇ ‘ಕಂಪ್ರೆಸ್’ ಸಿಗುತ್ತದೆ.

ಆದರೂ ಹೊರಗೆ ಕುಗ್ಗಿಸಿ, ಸಿದ್ಧ ಅಳತೆಯ ಲೋಗೊವನ್ನು ಒಳಗೆ ತರುವುದೇ ಮೇಲು. ಆಗ ಪಿಕ್ಸೆಲ್, ಬಣ್ಣ, ಫಾರ್ಮ್ಯಾಟ್ ಮೂರೂ ಮಾಡುವವರ ಹತೋಟಿಯಲ್ಲಿರುತ್ತವೆ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ‘ಸ್ಕೇಲ್ ಇಮೇಜ್’ ಇದೆ, ಇರ್ಫಾನ್‌ವ್ಯೂನಲ್ಲಿ ‘ರಿಸೈಜ್/ರಿಸ್ಯಾಂಪಲ್’ ಇದೆ. ಏನೂ ಇಲ್ಲದಿದ್ದರೆ ವಿಂಡೋಸ್‌ನ ಪೇಂಟ್ ಕೂಡ ನಡೆಯುತ್ತದೆ. ಅಗಲವನ್ನು 480 ಎಂದು ಕೊಟ್ಟರೆ ಅನುಪಾತದ ಗುರುತು ಇರುವವರೆಗೆ ಎತ್ತರ ತಾನೇ ಸರಿಹೋಗುತ್ತದೆ. ಯಾವ ವಿಧಾನದಲ್ಲಿ ಕುಗ್ಗಿಸಬೇಕೆಂದು ಕೇಳಿದರೆ ಕ್ಯೂಬಿಕ್ ಅಥವಾ ಲ್ಯಾಂಕ್ಜೋಸ್ ಆರಿಸಬೇಕು. ಅಕ್ಕಪಕ್ಕದ ಪಿಕ್ಸೆಲ್ ಎತ್ತಿಕೊಳ್ಳುವ ಸರಳ ವಿಧಾನದಲ್ಲಿ ತೆಳು ಗೆರೆಗಳು ನಡುನಡುವೆ ಮಾಯವಾಗುತ್ತವೆ. ಕುಗ್ಗಿಸುವುದು ಒಂದೇ ಸಲ, ಅದೂ ದೊಡ್ಡ ಮೂಲ ಚಿತ್ರದಿಂದಲೇ ಆಗಬೇಕು. ಒಮ್ಮೆ ಕುಗ್ಗಿಸಿದ್ದನ್ನು ಹಿಗ್ಗಿಸಿ ಮತ್ತೆ ಕುಗ್ಗಿಸಿದರೆ ಪ್ರತಿ ಸಲವೂ ಅಂಚು ಮಬ್ಬಾಗುತ್ತ ಹೋಗುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಚಿತ್ರದ ಗುಣಲಕ್ಷಣಗಳಲ್ಲಿ ಬರೆದಿರುವ ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕೆ ಎಂಬ ಸಂಖ್ಯೆ, ಒಂದು ಚೀಟಿ ಮಾತ್ರ. ಅಲ್ಲಿ 72 ಇದ್ದದ್ದನ್ನು 300 ಎಂದು ತಿದ್ದಿದರೆ ಪಿಕ್ಸೆಲ್ ಒಂದೂ ಹೆಚ್ಚಾಗುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಆದರೂ ಅದು ವ್ಯರ್ಥವಲ್ಲ. 480 ಪಿಕ್ಸೆಲಿನ ಲೋಗೊ 72ರ ಚೀಟಿ ಹೊತ್ತು ಬಂದರೆ ಪುಟದ ಮೇಲೆ ಸುಮಾರು 17 ಸೆಂ.ಮೀ. ಅಗಲಕ್ಕೆ ಹರಡಿಕೊಳ್ಳುತ್ತದೆ. 300 ಎಂದಿದ್ದರೆ ಹೆಚ್ಚುಕಡಿಮೆ 40 ಮಿ.ಮೀ.ಗೆ ಬಂದು ಕೂರುತ್ತದೆ, ಎಳೆದಾಡುವ ಕೆಲಸವೇ ಉಳಿಯುವುದಿಲ್ಲ.

ಬಣ್ಣ ಬಿಟ್ಟರೆ ಗೆರೆ ಹರಿತ

ಬಹಳ ಮಂದಿ ಕೈಹಾಕದ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಜಾಗ ಇದು. ಕಚೇರಿಯ ಹೆಚ್ಚಿನ ನಮೂನೆಗಳು ಮುದ್ರಣವಾಗುವುದು ಕಪ್ಪು–ಬಿಳುಪು ಲೇಸರಿನಲ್ಲಿ. ಡೆಲಿವರಿ ಚಲನ್, ಗೇಟ್ ಪಾಸ್, ವೋಚರ್, ಸಂಬಳದ ಚೀಟಿ, ಸ್ಟಾಕ್ ವರದಿ ಯಾವುದಕ್ಕೂ ಬಣ್ಣ ಬೇಕಿಲ್ಲ. ಆದರೂ ಲೋಗೊ ಮಾತ್ರ 24 ಬಿಟ್ ಬಣ್ಣದ್ದೇ ಇರುತ್ತದೆ. ಲೇಸರ್ ಪ್ರಿಂಟರಿಗೆ ಬೂದು ಬಣ್ಣ ಗೊತ್ತಿಲ್ಲ. ಅದರ ಹತ್ತಿರ ಇರುವುದು ಕಪ್ಪು ಟೋನರ್ ಮಾತ್ರ. ತಿಳಿ ನೀಲಿ ಬಂದರೆ ಅದನ್ನು ಚುಕ್ಕೆಚುಕ್ಕೆಯ ಜಾಲರಿಯಾಗಿ ಒಡೆದು ಮುದ್ರಿಸುತ್ತದೆ. ಪರದೆಯ ಮೇಲೆ ನಯವಾಗಿದ್ದ ಅಂಚು ಕಾಗದದ ಮೇಲೆ ಗರಗಸದಂತಾಗುವುದು ಈ ಕಾರಣಕ್ಕೆ.

ಅದರ ಬದಲು ಲೋಗೊದ ಅಪ್ಪಟ ಕಪ್ಪು ರೂಪವೊಂದನ್ನು ಮಾಡಿ, ಪ್ರತಿ ಪಿಕ್ಸೆಲಿಗೆ ಒಂದೇ ಬಿಟ್ ಇರುವಂತೆ ಉಳಿಸಿದರೆ? 40 ಮಿ.ಮೀ. ಅಗಲಕ್ಕೆ 960 ಪಿಕ್ಸೆಲ್, 25 ಮಿ.ಮೀ. ಎತ್ತರಕ್ಕೆ 600 ಪಿಕ್ಸೆಲ್. ಒಟ್ಟು 5,76,000 ಬಿಟ್, ಅಂದರೆ 72,000 ಬೈಟ್. ಇಂಚಿಗೆ 300ರ ಬಣ್ಣದ ರೂಪವನ್ನು ಬಿಚ್ಚಿದರೆ 4,32,000 ಬೈಟ್ ಆಗುತ್ತಿತ್ತು. ಗೆರೆಯ ಹರಿತ ಎರಡು ಪಟ್ಟು, ಭಾರ ಆರನೇ ಒಂದು ಭಾಗ! ಪಿಎನ್‌ಜಿಯಾಗಿ ಒತ್ತಿಟ್ಟರೆ ಅದು ಇನ್ನೂ ಎಷ್ಟೋ ಕಡಿಮೆಯಾಗುತ್ತದೆ, ಏಕೆಂದರೆ ಲೋಗೊದಲ್ಲಿ ಉದ್ದುದ್ದ ಬಿಳಿ, ಉದ್ದುದ್ದ ಕಪ್ಪು ಹೆಚ್ಚು.

ಲೇಸರ್ ಮುದ್ರಣ ಕಚೇರಿಗಳಿಗೆ ಬಂದ ಕಾಲದಲ್ಲಿ ಹೀಗೆ ಬಿಟ್ ಎಣಿಸದೆ ಗತಿಯೇ ಇರಲಿಲ್ಲ. 1984ರಲ್ಲಿ ಬಂದ ಎಚ್‌ಪಿಯ ಮೊದಲ ಲೇಸರ್‌ಜೆಟ್ ಇಂಚಿಗೆ 300 ಚುಕ್ಕೆ ಹಾಕುತ್ತಿತ್ತು, ಆದರೆ ಅದರ ಮೆಮೊರಿ 128 ಕೆಬಿ ಮಾತ್ರ. ಪೂರ್ತಿ ಎ4 ಪುಟವನ್ನು ಆ ಸಾಂದ್ರತೆಯಲ್ಲಿ ಕಪ್ಪು–ಬಿಳುಪು ಚಿತ್ರವಾಗಿ ಹಿಡಿಯಲು ಸುಮಾರು 10.88 ಲಕ್ಷ ಬೈಟ್ ಬೇಕು. ನಮ್ಮ 40 ಮಿ.ಮೀ. ಲೋಗೊಗೆ ಸಾಕಾಗುವುದು 18,000 ಬೈಟ್. ಚಿಕ್ಕ ಲೋಗೊ ಆ ಯಂತ್ರಕ್ಕೂ ಭಾರವಾಗುತ್ತಿರಲಿಲ್ಲ.

ಒಂದು ಬಿಟ್ಟಿಗೆ ಇಳಿಸುವಾಗ ಕ್ರಮ ಮುಖ್ಯ. ಮೊದಲು ಬಣ್ಣ ತೆಗೆದು ಗ್ರೇಸ್ಕೇಲ್ ಮಾಡಬೇಕು, ಆಮೇಲೆ ಬೇಕಾದ ಅಳತೆಗೆ ಕುಗ್ಗಿಸಬೇಕು, ಕೊನೆಗೆ ‘ಥ್ರೆಶೋಲ್ಡ್’ ಬಳಸಿ ಕಪ್ಪು–ಬಿಳುಪು ಮಾಡಬೇಕು. ಮೊದಲೇ ಕಪ್ಪು–ಬಿಳುಪು ಮಾಡಿ ಆಮೇಲೆ ಕುಗ್ಗಿಸಿದರೆ ಅಂಚುಗಳು ಕಚ್ಚಿ ತೆಗೆದಂತೆ ಕಾಣುತ್ತವೆ. ಥ್ರೆಶೋಲ್ಡಿನ ಪಟ್ಟಿಯನ್ನು ಆಚೀಚೆ ಸರಿಸಿ ನೋಡಿದರೆ ಅಕ್ಷರಗಳು ದಪ್ಪವೋ ತೆಳುವೋ ಆಗುವುದು ಕಣ್ಣೆದುರೇ ತಿಳಿಯುತ್ತದೆ. ಚುಕ್ಕೆ ಚೆಲ್ಲಿ ನೆರಳು ತೋರಿಸುವ ‘ಡಿದರಿಂಗ್’ ಲೋಗೊಗೆ ಬೇಡ.

ಜೆಪೆಗ್‌ಗೆ ಇಲ್ಲಿ ಕೆಲಸವಿಲ್ಲ

ಜೆಪೆಗ್ ಹುಟ್ಟಿದ್ದು ಫೋಟೊಗಳಿಗಾಗಿ. ಅದು ಚಿತ್ರವನ್ನು 8×8 ಪಿಕ್ಸೆಲಿನ ಚೌಕಗಳಾಗಿ ಕತ್ತರಿಸಿ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಮುಖದ ಮೇಲಿನ ನೆರಳು–ಬೆಳಕಿನಲ್ಲಿ ಇದು ಗೊತ್ತಾಗುವುದಿಲ್ಲ. ಬಿಳಿಯ ಮೇಲೆ ಹರಿತವಾಗಿ ನಿಂತ ಕೆಂಪು ಅಕ್ಷರದ ಸುತ್ತ ಮಾತ್ರ ಕೊಳೆ ಮೆತ್ತಿದಂಥ ಚುಕ್ಕೆಗಳು ಏಳುತ್ತವೆ. ಎಷ್ಟೋ ಸಲ ಬಣ್ಣದ ಮಾಹಿತಿಯನ್ನು ಅರ್ಧ ಸಾಂದ್ರತೆಯಲ್ಲಿ ಮಾತ್ರ ಇಟ್ಟುಕೊಳ್ಳುವುದರಿಂದ ಕೆಂಪಿನ ಅಂಚು ಇನ್ನಷ್ಟು ಸೋರುತ್ತದೆ.

ಲೋಗೊಗೆ ಒಗ್ಗುವುದು ಪಿಎನ್‌ಜಿ. 1996ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಒಪ್ಪಿದ ಈ ಫಾರ್ಮ್ಯಾಟ್ ಒಂದು ಪಿಕ್ಸೆಲನ್ನೂ ಕಳೆಯದೆ ಒತ್ತುತ್ತದೆ. ಲೋಗೊದಲ್ಲಿ ಇರುವುದು ಎರಡು–ಮೂರು ಬಣ್ಣವಾದರೆ 24 ಬಿಟ್ ಬಿಟ್ಟು ‘ಇಂಡೆಕ್ಸ್ಡ್’ ಬಗೆಯಲ್ಲಿ 16 ಅಥವಾ 32 ಬಣ್ಣಗಳ ಪಟ್ಟಿಯಷ್ಟೇ ಇಟ್ಟುಕೊಳ್ಳಬಹುದು. ಅಂಚಿನ ನಯಕ್ಕೆ ಬೇಕಾದ ನಡುಬಣ್ಣಗಳೂ ಅದರಲ್ಲಿ ಸೇರಿಹೋಗುತ್ತವೆ. ಗಿಂಪ್‌ನಲ್ಲಿ ಇದು ‘ಇಮೇಜ್’ ಪಟ್ಟಿಯ ‘ಮೋಡ್’ ಅಡಿಯಲ್ಲಿದೆ.

ಪಿಎನ್‌ಜಿಯ ಪಾರದರ್ಶಕ ಹಿನ್ನೆಲೆ ವೆಬ್‌ಸೈಟಿಗೆ ಅನುಕೂಲ, ಬಿಳಿ ಕಾಗದಕ್ಕೆ ಅನಗತ್ಯ. ಪಿಡಿಎಫ್ ಮಾಡುವಾಗ ಪಾರದರ್ಶಕತೆಗೆಂದೇ ಇನ್ನೊಂದು ಮುಸುಕು ಚಿತ್ರ ಸೇರಿಕೊಳ್ಳುತ್ತದೆ. ಕೆಲವು ಹಳೆಯ ವರದಿ ತಂತ್ರಾಂಶಗಳು ಆ ಜಾಗವನ್ನು ಕಪ್ಪು ಚೌಕವಾಗಿಯೂ ಮುದ್ರಿಸುತ್ತವೆ. ದೀರ್ಘಕಾಲ ಕಾಪಿಡುವ ದಾಖಲೆಗಳಿಗಾಗಿ 2005ರಲ್ಲಿ ಬಂದ ಪಿಡಿಎಫ್/ಎ–1 ಮಾನದಂಡ ಪಾರದರ್ಶಕತೆಯನ್ನು ಒಪ್ಪುವುದೇ ಇಲ್ಲ. ಹಿನ್ನೆಲೆಗೆ ಬಿಳಿ ತುಂಬಿ ‘ಫ್ಲ್ಯಾಟನ್’ ಮಾಡಿಟ್ಟರೆ ಈ ರಗಳೆ ಮುಗಿಯಿತು.

ಪಿಕ್ಸೆಲ್ ಕಡಿಮೆ ಮಾಡಿದರೂ ಫೈಲ್ ಕರಗುತ್ತಿಲ್ಲವೆಂದರೆ ಒಳಗೆ ಬಣ್ಣದ ಪ್ರೊಫೈಲ್ ಇರಬಹುದು. ಪ್ರೆಸ್ಸಿಗಾಗಿ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣ ಪದ್ಧತಿಯಲ್ಲಿ ಉಳಿಸಿದ ಜೆಪೆಗ್‌ಗಳಲ್ಲಿ ಇದು ಸಾಮಾನ್ಯ. ಫೋಟೊಶಾಪ್ ಸೇರಿಸುವ ‘ಯುಎಸ್ ವೆಬ್ ಕೋಟೆಡ್ ಸ್ವಾಪ್’ ಪ್ರೊಫೈಲ್ ಒಂದೇ ಅರ್ಧ ಎಂಬಿಗಿಂತ ಹೆಚ್ಚಿರುತ್ತದೆ. 20 ಕೆಬಿಯ ಲೋಗೊ ಅದನ್ನು ಹೊತ್ತುಕೊಂಡು ತಿರುಗುತ್ತದೆ. ಪರದೆಯ ಎಸ್‌ಆರ್‌ಜಿಬಿ ಬಣ್ಣಕ್ಕೆ ಬದಲಿಸಿ, ಪ್ರೊಫೈಲ್ ಇಲ್ಲದೆ ಉಳಿಸಿದರೆ ಆ ಹೊರೆ ಇಳಿಯುತ್ತದೆ.

ವಾಟ್ಸ್ಯಾಪ್ ಬಗ್ಗೆ ಒಂದು ಮಾತು. ಲೋಗೊ ಕಳಿಸಿ ಎಂದರೆ ಈಗ ಎಲ್ಲರೂ ಕಳಿಸುವುದು ಅದರಲ್ಲೇ. ಫೋಟೊ ಆಗಿ ಕಳಿಸಿದರೆ ಆ್ಯಪ್ ಅದನ್ನು ತನಗೆ ಬೇಕಾದಂತೆ ಕುಗ್ಗಿಸಿ ಜೆಪೆಗ್ ಮಾಡಿಬಿಡುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲ ಫೈಲ್ ಹಾಗೆಯೇ ತಲುಪುತ್ತದೆ.

ಗೆರೆಗಳ ಲೋಗೊ, ಕನ್ನಡದ ಒತ್ತು

ಇಷ್ಟೆಲ್ಲ ಪಿಕ್ಸೆಲ್ ಲೆಕ್ಕವೇ ಬೇಡವೆನ್ನುವ ದಾರಿಯೂ ಇದೆ, ಅದು ವೆಕ್ಟರ್. ಇಲ್ಲಿ ಚಿತ್ರ ಚುಕ್ಕೆಗಳಲ್ಲಿ ಇರುವುದಿಲ್ಲ. ‘ಇಲ್ಲಿಂದ ಇಲ್ಲಿಗೆ ಈ ಬಾಗಿನ ಗೆರೆ, ಒಳಗೆ ಈ ಬಣ್ಣ’ ಎಂಬ ಸೂಚನೆಗಳಲ್ಲಿ ಇರುತ್ತದೆ. ಸರಳ ಲೋಗೊವಾದರೆ ಕೆಲವೇ ಕೆಬಿ. 10 ಮಿ.ಮೀ.ನಲ್ಲಿ ಮುದ್ರಿಸಿದರೂ 10 ಅಡಿಯ ಬೋರ್ಡಿಗೆ ಹಾಕಿದರೂ ಅಂಚು ಅಷ್ಟೇ ಹರಿತ. ಈಚಿನ ಆಫೀಸ್ ಆವೃತ್ತಿಗಳೂ ಲಿಬ್ರೆ ಆಫೀಸೂ ಎಸ್‌ವಿಜಿ ಫೈಲನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ವಿಂಡೋಸ್‌ನ ಹಳೆಯ ತಂತ್ರಾಂಶಗಳಿಗೆ ಇಎಂಎಫ್ ಆಗುತ್ತದೆ.

ಕರ್ನಾಟಕದ ಯಾವುದೇ ಊರಿನಲ್ಲಿ ಡಿಟಿಪಿ ಅಂಗಡಿಗೆ ಹೋದರೆ ಲೋಗೊ ಕೋರೆಲ್‌ಡ್ರಾದಲ್ಲಿ ತಯಾರಾಗಿರುವ ಸಂಭವವೇ ಹೆಚ್ಚು, ಅಂದರೆ ಮೂಲದಲ್ಲಿ ಅದು ವೆಕ್ಟರೇ. ಗ್ರಾಹಕರ ಕೈಗೆ ಬರುವುದು ಮಾತ್ರ ಜೆಪೆಗ್. ದುಡ್ಡು ಕೊಡುವ ಹೊತ್ತಿನಲ್ಲೇ ಸಿಡಿಆರ್ ಫೈಲ್ ಜೊತೆಗೆ ಪಿಡಿಎಫ್ ಮತ್ತು ಎಸ್‌ವಿಜಿಯನ್ನೂ ಕೇಳಿ ಪಡೆದುಕೊಂಡರೆ ಮುಂದಿನ ಹಲವು ವರ್ಷಗಳ ಪರದಾಟ ತಪ್ಪುತ್ತದೆ.

ಇದರಲ್ಲಿ ಕನ್ನಡದವರಿಗೇ ಮೀಸಲಾದ ಒಂದು ಅಪಾಯವಿದೆ. ಸಂಸ್ಥೆಯ ಹೆಸರು ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟುತ್ತವೆ. ಫೈಲ್ ಕೊಡುವ ಮೊದಲು ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿಕೊಳ್ಳಬೇಕು. ಕೋರೆಲ್‌ಡ್ರಾದಲ್ಲಿ ಅದಕ್ಕೆ ಕಂಟ್ರೋಲ್ ಹಿಡಿದು ಕ್ಯೂ, ಇಂಕ್‌ಸ್ಕೇಪ್‌ನಲ್ಲಿ ‘ಆಬ್ಜೆಕ್ಟ್ ಟು ಪಾಥ್’. ಆಮೇಲೆ ಹೆಸರನ್ನು ತಿದ್ದಲು ಬರುವುದಿಲ್ಲವಾದ್ದರಿಂದ ತಿದ್ದಬಹುದಾದ ಮೂಲ ಪ್ರತಿಯನ್ನು ಬೇರೆ ಇಟ್ಟುಕೊಳ್ಳಬೇಕು.

ಕುಗ್ಗಿಸುವಾಗ ಕನ್ನಡಕ್ಕೆ ಇನ್ನೂ ಒಂದು ಕಷ್ಟ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ‘ಷ್ಟ್ರ’, ‘ಕ್ಷ್ಮೀ’ ಮುಂತಾದವುಗಳ ಒಳಗಿನ ಬಿಳಿ ಕಿಂಡಿಗಳು ಕೂದಲೆಳೆಯಷ್ಟು. ಇಡೀ ಲೋಗೊ 25 ಮಿ.ಮೀ.ಗೆ ಇಳಿದಾಗ ಆ ಕಿಂಡಿಗಳು ಟೋನರಿನಿಂದ ತುಂಬಿ ಒತ್ತಕ್ಷರ ಒಂದು ಮಚ್ಚೆಯಾಗಿ ಉಳಿಯುತ್ತದೆ. ಆದ್ದರಿಂದ ನಮೂನೆಗಳಿಗೆಂದೇ ಲೋಗೊದ ಇನ್ನೊಂದು ರೂಪ ಮಾಡಿಸುವುದು ವಿವೇಕ. ಅಡಿಬರಹ ಬೇಡ, ‘ಸ್ಥಾಪನೆ’ ಎಂಬ ಇಸವಿ ಬೇಡ, ನೆರಳು–ಹೊಳಪು ಬೇಡ, ಅಕ್ಷರಗಳ ನಡುವೆ ಗಾಳಿಯಾಡುವಷ್ಟು ಜಾಗ ಬೇಕು. ಸಂಸ್ಥೆಯ ಹೆಸರು ಹೇಗೂ ಪಕ್ಕದಲ್ಲಿ ಸಾಧಾರಣ ಅಕ್ಷರಗಳಲ್ಲಿ ಅಚ್ಚಾಗುವುದಾದರೆ ಲೋಗೊದಲ್ಲಿ ಚಿಹ್ನೆಯೊಂದೇ ಸಾಕು.

ಥರ್ಮಲ್ ರೋಲಿನ ಮೇಲೆ

ಹೋಟೆಲ್, ಔಷಧದಂಗಡಿ, ಸೂಪರ್ ಮಾರ್ಕೆಟ್‌ಗಳ ಬಿಲ್ ಯಂತ್ರದ ಲೋಕವೇ ಬೇರೆ. ಸಾಮಾನ್ಯವಾಗಿ ಅದು ಇಂಚಿಗೆ 203 ಚುಕ್ಕೆ, ಅಂದರೆ ಮಿಲಿಮೀಟರಿಗೆ 8. ಪ್ರತಿ ಚುಕ್ಕೆಯೂ ಒಂದೋ ಸುಡುತ್ತದೆ, ಇಲ್ಲವೇ ಬಿಳಿಯಾಗಿ ಉಳಿಯುತ್ತದೆ. ನಡುವಿನ ಬಣ್ಣವಿಲ್ಲ. 80 ಮಿ.ಮೀ. ರೋಲಿನಲ್ಲಿ ಅಚ್ಚಾಗುವ ಅಗಲ 72 ಮಿ.ಮೀ., ಎಂದರೆ 576 ಚುಕ್ಕೆ. 58 ಮಿ.ಮೀ. ರೋಲಿನಲ್ಲಿ 48 ಮಿ.ಮೀ., 384 ಚುಕ್ಕೆ. ಲೋಗೊ ಇದಕ್ಕಿಂತ ಅಗಲವಿದ್ದರೆ ತಂತ್ರಾಂಶ ತಾನೇ ಕುಗ್ಗಿಸುತ್ತದೆ, ಕೆಟ್ಟದಾಗಿ ಕುಗ್ಗಿಸುತ್ತದೆ. ಒಂದು ಚುಕ್ಕೆ ಎಂದರೆ 0.125 ಮಿ.ಮೀ., ಹಾಗಾಗಿ ಗೆರೆಗಳು ಎರಡು ಚುಕ್ಕೆಗಿಂತ ತೆಳುವಾಗಿರಬಾರದು.

40 ಮಿ.ಮೀ. ಅಗಲ, 25 ಮಿ.ಮೀ. ಎತ್ತರದ ಲೋಗೊ ಇಲ್ಲಿ 320×200 ಚುಕ್ಕೆ, 8,000 ಬೈಟ್. ಏನೂ ಅಲ್ಲ ಎನಿಸಬಹುದು. ಆದರೆ ಹಳೆಯ ಸೀರಿಯಲ್ ಕೇಬಲ್ಲಿನಲ್ಲಿ 9600ರ ವೇಗಕ್ಕೆ ಹೊಂದಿಸಿದ ಪ್ರಿಂಟರಿಗೆ ಸೆಕೆಂಡಿಗೆ 960 ಬೈಟ್ ಹೋಗುತ್ತದೆ, ಅಂದರೆ ಲೋಗೊಗೆ ಮಾತ್ರ ಎಂಟು ಸೆಕೆಂಡಿಗಿಂತ ಹೆಚ್ಚು. ಸಂಜೆಯ ಜನಸಂದಣಿಯಲ್ಲಿ ಪ್ರತಿ ಬಿಲ್ಲಿಗೂ ಎಂಟು ಸೆಕೆಂಡ್ ಸಣ್ಣದಲ್ಲ. ಇದಕ್ಕೆ ಪರಿಹಾರ ಪ್ರಿಂಟರಿನೊಳಗೇ ಇದೆ. ಎಪ್ಸನ್ ರೂಪಿಸಿದ, ಉಳಿದ ಹಲವು ಕಂಪನಿಗಳೂ ಅನುಸರಿಸುವ ಇಎಸ್‌ಸಿ/ಪಿಒಎಸ್ ಆದೇಶಗಳಲ್ಲಿ ಲೋಗೊವನ್ನು ಪ್ರಿಂಟರಿನ ಅಳಿಯದ ಮೆಮೊರಿಗೆ ಒಮ್ಮೆ ತುಂಬಿಡುವ ಸೌಲಭ್ಯವಿದೆ. ಆಮೇಲೆ ಪ್ರತಿ ಬಿಲ್ಲಿಗೂ ‘ಇಟ್ಟಿರುವ ಲೋಗೊ ಹಾಕು’ ಎಂಬ ಕೆಲವೇ ಬೈಟ್‌ಗಳ ಆದೇಶ ಹೋದರೆ ಸಾಕು. ಬಿಲ್ಲಿಂಗ್ ತಂತ್ರಾಂಶ ಹಾಕಿಕೊಟ್ಟವರಿಂದ ಇದನ್ನು ಕೇಳಿ ಮಾಡಿಸಿಕೊಳ್ಳಬಹುದು.

ಕಾರ್ಬನ್ ಪ್ರತಿಗಾಗಿ ಇನ್ನೂ ಡಾಟ್ ಮ್ಯಾಟ್ರಿಕ್ಸ್ ಬಳಸುವ ಗೋದಾಮು, ಲಾರಿ ಕಚೇರಿಗಳಲ್ಲಿ ಚಿತ್ರದ ಗೋಜಿಗೇ ಹೋಗದಿರುವುದು ಲೇಸು. ಒಂಬತ್ತು ಪಿನ್ನಿನ ತಲೆ ಲೋಗೊವನ್ನು ಕೆತ್ತುವಷ್ಟು ಹೊತ್ತಿನಲ್ಲಿ ಇಡೀ ಬಿಲ್ಲು ಮುಗಿಯುತ್ತದೆ. ಲೋಗೊ ಮೊದಲೇ ಆಫ್‌ಸೆಟ್‌ನಲ್ಲಿ ಅಚ್ಚಾದ ಕಾಗದವೇ ಅಲ್ಲಿಗೆ ಸರಿ.

ಇನ್ನೂರು ಪುಟ, ಇನ್ನೂರು ಲೋಗೊ?

ಲೋಗೊ ಒಂದು ಕಡೆ ಇದ್ದಾಗ 60 ಕೆಬಿ ದೊಡ್ಡದಲ್ಲ. 200 ಪುಟದ ಲೆಡ್ಜರ್ ವರದಿಯಲ್ಲಿ ಪ್ರತಿ ಪುಟಕ್ಕೂ ಬೇರೆಬೇರೆಯಾಗಿ ಸೇರಿದರೆ 12 ಎಂಬಿ. ಪಿಡಿಎಫ್ ಈ ವಿಷಯದಲ್ಲಿ ಜಾಣ ಫಾರ್ಮ್ಯಾಟ್. ಚಿತ್ರವನ್ನು ಒಮ್ಮೆ ಇಟ್ಟು, ಪ್ರತಿ ಪುಟದಿಂದ ಅದರತ್ತ ಬೆರಳು ತೋರಿಸಲು ಅದಕ್ಕೆ ಬರುತ್ತದೆ. ಆದರೆ ಪಿಡಿಎಫ್ ತಯಾರಿಸುವ ತಂತ್ರಾಂಶ ಹಾಗೆ ಮಾಡಿಸಬೇಕು. ಕೆಲವು ವರ್ಚುವಲ್ ಪ್ರಿಂಟರ್‌ಗಳು ಪುಟಕ್ಕೊಂದು ನಕಲು ತುಂಬುತ್ತವೆ. ಅದಕ್ಕಾಗಿ ‘ಪ್ರಿಂಟ್’ ಒತ್ತಿ ಪಿಡಿಎಫ್ ಮಾಡುವ ಬದಲು ತಂತ್ರಾಂಶದ್ದೇ ಆದ ‘ಎಕ್ಸ್‌ಪೋರ್ಟ್’ ಬಳಸಿ, ಎರಡರ ಗಾತ್ರವನ್ನೂ ಹೋಲಿಸಿ ನೋಡಬೇಕು. ವರ್ಡಿನಲ್ಲಾದರೆ ಲೋಗೊ ಇರಬೇಕಾದದ್ದು ಹೆಡರಿನಲ್ಲಿ. ಪುಟಪುಟಕ್ಕೆ ಅಂಟಿಸಬಾರದು. ಜಾಸ್ಪರ್ ರಿಪೋರ್ಟ್ಸ್ ಬಳಸುವ ಪ್ರೋಗ್ರಾಮರ್‌ಗಳಿಗೆ ಚಿತ್ರದ ಜೊತೆ ‘ಯೂಸಿಂಗ್ ಕ್ಯಾಶ್’ ಎಂಬ ಗುಣವಿದೆ. ಅದನ್ನು ಚಾಲೂ ಮಾಡಿದರೆ ಒಂದೇ ಚಿತ್ರ ಪದೇಪದೇ ಲೋಡ್ ಆಗುವುದಿಲ್ಲ.

ಸಂಬಳದ ಚೀಟಿಯ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಪ್ರತಿ ನೌಕರರಿಗೂ ಬೇರೆ ಪಿಡಿಎಫ್ ಹೋಗುವುದರಿಂದ ಲೋಗೊವನ್ನು ಹಂಚಿಕೊಳ್ಳುವ ಅವಕಾಶವಿಲ್ಲ. 300 ನೌಕರರು, ತಲಾ 400 ಕೆಬಿಯ ಲೋಗೊ ಎಂದರೆ ತಿಂಗಳಿಗೆ 120 ಎಂಬಿ ಬರೀ ಲೋಗೊ. 10 ಕೆಬಿಯ ಕಪ್ಪು ಲೋಗೊ ಹಾಕಿದರೆ 3 ಎಂಬಿ.

ಸಣ್ಣ ಉದ್ಯಮಗಳಲ್ಲಿ ಇನ್ನೂ ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನ ಸಂಗತಿ ವಿಶೇಷವಾದದ್ದು. ಅದರ ಹಳೆಯ ಆವೃತ್ತಿಗಳು ಫಾರ್ಮಿಗೋ ರಿಪೋರ್ಟಿಗೋ ಸೇರಿಸಿದ ಚಿತ್ರವನ್ನು ಬಿಟ್‌ಮ್ಯಾಪ್ ಆಗಿ ಬಿಚ್ಚಿ ಇಟ್ಟುಕೊಳ್ಳುತ್ತಿದ್ದವು. 50 ಕೆಬಿಯ ಜೆಪೆಗ್ ಹಾಕಿದರೂ ಡೇಟಾಬೇಸ್ ಹಲವು ಎಂಬಿ ಬೆಳೆಯುತ್ತಿತ್ತು. 2007ರ ಆವೃತ್ತಿಯಿಂದ ‘ಕರೆಂಟ್ ಡೇಟಾಬೇಸ್’ ಆಯ್ಕೆಗಳಲ್ಲಿ ಚಿತ್ರವನ್ನು ಅದರ ಮೂಲ ಫಾರ್ಮ್ಯಾಟಿನಲ್ಲೇ ಉಳಿಸುವ ಸೌಲಭ್ಯ ಬಂತು. ಅದನ್ನು ಬದಲಿಸಿದ ಮಾತ್ರಕ್ಕೆ ಹಳೆಯ ಚಿತ್ರಗಳು ಕರಗುವುದಿಲ್ಲ. ಅವನ್ನು ತೆಗೆದು, ಕುಗ್ಗಿಸಿದ ಲೋಗೊವನ್ನು ಹೊಸದಾಗಿ ಸೇರಿಸಿ, ಆಮೇಲೆ ‘ಕಾಂಪ್ಯಾಕ್ಟ್ ಆ್ಯಂಡ್ ರಿಪೇರ್’ ನಡೆಸಬೇಕು.

ಜಿಎಸ್‌ಟಿ ಬಿಲ್ಲಿಗೆ ಬಂದರೆ, ಇನ್‌ವಾಯ್ಸಿನಲ್ಲಿ ಏನೇನಿರಬೇಕೆಂದು ಹೇಳುವ ಸಿಜಿಎಸ್‌ಟಿ ನಿಯಮ 46ರಲ್ಲಿ ಲೋಗೊದ ಪ್ರಸ್ತಾಪವೇ ಇಲ್ಲ. ಹೆಸರು, ವಿಳಾಸ, ಜಿಎಸ್‌ಟಿಐಎನ್, ಕ್ರಮಸಂಖ್ಯೆ, ದಿನಾಂಕ, ತೆರಿಗೆಯ ವಿವರಗಳು ಕಡ್ಡಾಯ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ–ಇನ್‌ವಾಯ್ಸ್ ಅನ್ವಯವಾಗುತ್ತದೆ, ಅದರೊಂದಿಗೆ ಸಣ್ಣ ಚೌಕಗಳು ಕಿಕ್ಕಿರಿದ ಕ್ಯೂಆರ್ ಕೋಡೂ ಬರುತ್ತದೆ. ಪುಟದ ತಲೆಯಲ್ಲಿ ಜಾಗ ಸಾಲದಿದ್ದರೆ ಕುಗ್ಗಬೇಕಾದದ್ದು ಲೋಗೊ. ಕ್ಯೂಆರ್ ಕೋಡನ್ನು ಜೆಪೆಗ್ ಮಾಡಬಾರದು, ಅದರ ಸುತ್ತಲಿನ ಬಿಳಿ ಅಂಚಿನ ಮೇಲೆ ಲೋಗೊ ತಾಗಬಾರದು.

ಇ–ಇನ್‌ವಾಯ್ಸ್ ಅಲ್ಲದ ಸರಕಿನ ಬಿಲ್ಲು ಮೂರು ಪ್ರತಿಗಳಲ್ಲಿ ಆಗಬೇಕು: ಖರೀದಿದಾರರಿಗೆ ಒಂದು, ಸಾಗಣೆದಾರರಿಗೆ ಒಂದು, ಮಾರಿದವರಿಗೆ ಒಂದು. ಅವು ಆಮೇಲೆ ಜೆರಾಕ್ಸ್ ಆಗುತ್ತವೆ, ಆ ಜೆರಾಕ್ಸಿನ ಫೋಟೊ ಲೆಕ್ಕಪರಿಶೋಧಕರ ಫೋನಿಗೆ ಹೋಗುತ್ತದೆ. ಆದ್ದರಿಂದ ಕುಗ್ಗಿಸಿದ ಲೋಗೊವನ್ನು ಪರೀಕ್ಷಿಸಬೇಕಾದದ್ದು ಕಚೇರಿಯ ಅತಿ ಹಳೆಯ ಪ್ರಿಂಟರಿನಲ್ಲಿ, ಟೋನರ್ ಉಳಿಸುವ ‘ಡ್ರಾಫ್ಟ್’ ಸೆಟ್ಟಿಂಗಿನಲ್ಲಿ. ಪುಟವನ್ನು ‘ಆ್ಯಕ್ಚುವಲ್ ಸೈಜ್’ನಲ್ಲೇ ಮುದ್ರಿಸಬೇಕು. ‘ಫಿಟ್ ಟು ಪೇಜ್’ ಇದ್ದರೆ ಎಲ್ಲವೂ ಸ್ವಲ್ಪ ಕುಗ್ಗಿ ಅಳತೆಯ ಲೆಕ್ಕ ತಪ್ಪುತ್ತದೆ. ಬಂದ ಪುಟವನ್ನು ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ ನೋಡಬೇಕು. ಒತ್ತಕ್ಷರದ ಕಿಂಡಿಗಳು ಆಗಲೂ ತೆರೆದಿದ್ದರೆ ಲೋಗೊ ಸಿದ್ಧ. ಮುಚ್ಚಿಹೋಗಿದ್ದರೆ ಪಿಕ್ಸೆಲ್ ಹೆಚ್ಚಿಸಿ ಪ್ರಯೋಜನವಿಲ್ಲ. ಮೂಲಕ್ಕೆ ಮರಳಿ ಗೆರೆಗಳನ್ನು ಬಿಡಿಸಬೇಕು, ಇಲ್ಲವೇ ಕಾಗದದ ಮೇಲೆ ಲೋಗೊಗೆ ಎರಡು–ಮೂರು ಮಿಲಿಮೀಟರ್ ಹೆಚ್ಚು ಜಾಗ ಕೊಟ್ಟು ಪಿಕ್ಸೆಲನ್ನು ಮತ್ತೆ ಎಣಿಸಬೇಕು.

ಸಿದ್ಧವಾದ ಫೈಲ್‌ಗಳಿಗೆ ಹೆಸರಿಡುವಾಗ ಅಳತೆಯನ್ನೂ ಬಳಕೆಯನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ‘ಲೋಗೊ–40ಮಿಮೀ–ಬಣ್ಣ–ಲೆಟರ್‌ಹೆಡ್’, ‘ಲೋಗೊ–40ಮಿಮೀ–ಕಪ್ಪು–ಚಲನ್’, ‘ಲೋಗೊ–320ಚುಕ್ಕೆ–ಥರ್ಮಲ್’ ಎಂದಿದ್ದರೆ ಮುಂದೆ ಕೆಲಸಕ್ಕೆ ಬರುವವರು ಯಾವುದನ್ನು ಎಲ್ಲಿ ಹಾಕಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಡಿಸೈನರ್ ಕೊಟ್ಟ ದೊಡ್ಡ ಮೂಲ ಫೈಲ್ ಬೇರೊಂದು ಫೋಲ್ಡರಿನಲ್ಲಿ ‘ರೀಡ್ ಓನ್ಲಿ’ ಗುರುತಿನೊಂದಿಗೆ ಇರಲಿ, ಕುಗ್ಗಿಸಿದ್ದು ಅದರ ಮೇಲೆ ಸೇವ್ ಆಗದಂತೆ.